ಹಳೆಯ ನೌಕರಿಯ ತಪ್ಪನ್ನು ಅಟೆಸ್ಟೇಶನ್ ಫಾರಂನಲ್ಲಿ ಬರೆಯಬೇಕೇ?

ಪ್ರಶ್ನೆ: ಸಂಡೂರಿನಲ್ಲಿ ಅದಿರು ಸಾಗಿಸುವ ಖಾಸಗಿ ಸಂಸ್ಥೆಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಡೀಸೆಲ್ ಬಿಲ್ಲಿನಲ್ಲಿದ್ದ 180 ಲೀಟರನ್ನು 190 ಎಂದು ತಿದ್ದಿ ಸಿಕ್ಕಿಬಿದ್ದೆ. ಹಣ ಕಟ್ಟಿಸಿಕೊಂಡು ಕೆಲಸದಿಂದ ತೆಗೆದರು. ಪೊಲೀಸರಿಗೆ ದೂರು ಕೊಡಲಿಲ್ಲ. ಈಗ ಕೇಂದ್ರ ಸರ್ಕಾರದ ಭದ್ರತಾ ಪಡೆಗೆ ಆಯ್ಕೆಯಾಗಿದ್ದೇನೆ. ಆ ನೌಕರಿಯ ವಿಷಯವನ್ನೇ ಬಿಟ್ಟುಬಿಡಬಹುದೇ?
– ಓದುಗ, ಬಳ್ಳಾರಿ ಜಿಲ್ಲೆ

ಉತ್ತರ: ಬಿಡಬೇಡಿ. ನೇಮಕಾತಿಗೆ ಮುನ್ನ ತುಂಬುವ ಅಟೆಸ್ಟೇಶನ್ ಫಾರಂ ಸರ್ಕಾರಿ ಹುದ್ದೆಗಳನ್ನಷ್ಟೇ ಅಲ್ಲ, ಖಾಸಗಿ ಸಂಸ್ಥೆಯಲ್ಲಿ ಮಾಡಿದ ಕೆಲಸದ ಅವಧಿ, ಮಾಲೀಕರ ವಿಳಾಸ ಹಾಗೂ ಬಿಟ್ಟ ಕಾರಣವನ್ನೂ ಕೇಳುತ್ತದೆ. ಸುಳ್ಳು ಬರೆದರೆ ಅಥವಾ ಸಂಗತಿ ಮುಚ್ಚಿಟ್ಟರೆ ಅದೇ ಅನರ್ಹತೆಯಾಗುತ್ತದೆ ಎಂಬ ಎಚ್ಚರಿಕೆ ಅದರ ಆರಂಭದಲ್ಲೇ ಇರುತ್ತದೆ. ಪೊಲೀಸ್ ಪರಿಶೀಲನೆ ಆಗುವುದು ನೀವು ವಾಸವಿದ್ದ ಊರಿನಲ್ಲೇ, ಮತ್ತು ಸಂಡೂರಿನಂಥ ಊರಿನಲ್ಲಿ ಇಂಥ ಸುದ್ದಿ ಎಷ್ಟು ದಿನ ಬಚ್ಚಿಟ್ಟುಕೊಂಡೀತು ಎಂಬುದು ನಿಮಗೇ ಗೊತ್ತು.

ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು ಎಂದಿತು. ಕ್ಷುಲ್ಲಕ ಪ್ರಕರಣವಾದರೆ ಮುಚ್ಚಿಟ್ಟದ್ದನ್ನೂ ಮನ್ನಿಸಬಹುದು, ಆದರೆ ನಿಜ ಹೇಳಿದವನನ್ನೂ ನೇಮಿಸಲೇಬೇಕೆಂಬ ಒತ್ತಾಯವಿಲ್ಲ ಎಂದೂ ಹೇಳಿತು. ಅದು ಕ್ರಿಮಿನಲ್ ಮೊಕದ್ದಮೆಗಳ ಕುರಿತ ತೀರ್ಪು; ನಿಮ್ಮ ಮೇಲೆ ಮೊಕದ್ದಮೆಯೇ ಇಲ್ಲದಿರುವುದು ನಿಮಗೆ ಅನುಕೂಲ. ಆದರೂ ಹತ್ತು ಲೀಟರಿನ ತಿದ್ದುಪಡಿಗಿಂತ ಫಾರಂನಲ್ಲಿ ಇಂದು ಹೇಳುವ ಸುಳ್ಳನ್ನೇ ಅಧಿಕಾರಿಗಳು ಹೆಚ್ಚು ಗಂಭೀರವಾಗಿ ನೋಡುವರು ಎಂಬುದು ನನ್ನ ಅಭಿಪ್ರಾಯ.

‘ಸ್ವಂತ ಕಾರಣ’ ಎಂದು ತೇಲಿಸದೆ, ‘ಬಿಲ್ ತಿದ್ದಿದ್ದಕ್ಕೆ ಕೆಲಸದಿಂದ ತೆಗೆದರು, ಹಣ ಮರುಪಾವತಿಸಿದ್ದೇನೆ’ ಎಂದೇ ಬರೆಯಿರಿ. ಹಣ ಕಟ್ಟಿದ ರಸೀದಿಯಿದ್ದರೆ ಅದರ ಪ್ರತಿಯನ್ನು ಜೋಪಾನವಾಗಿಡಿ.