ರುವಾಂಡಾ ನರಮೇಧದಲ್ಲಿ ಚರ್ಚಿನ ಪಾತ್ರ ಏನು? ಅದೇ ಚರ್ಚು ಈಗ ಕ್ಷಮೆಯ ಮಾತಾಡಬಹುದೇ?

ಹತ್ತರಲ್ಲಿ ಒಂಬತ್ತು ಜನ ಕ್ರೈಸ್ತರಿದ್ದ ದೇಶದಲ್ಲಿ 1994ರಲ್ಲಿ ಹಾಗೆ ಹೇಗಾಯಿತು, ಚರ್ಚು ಯಾಕೆ ತಡೆಯಲಿಲ್ಲ ಎಂದು ಕೇಳಿದ್ದೀರಿ. ನಾನೂ ಪ್ರತಿ ಭಾನುವಾರ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗುವವಳು. ಅದಕ್ಕೇ ಈ ಪ್ರಶ್ನೆ ನನ್ನನ್ನು ವರ್ಷಗಳಿಂದ ಕಾಡಿದೆ. ನೇರವಾಗಿ ಹೇಳುತ್ತೇನೆ: ಚರ್ಚು ತಡೆಯಲಿಲ್ಲ. ಎಷ್ಟೋ ಕಡೆ ಚರ್ಚೇ ಕೊಲೆಯ ಜಾಗವಾಯಿತು.

ಹುಟು, ಟುಟ್ಸಿ ರುವಾಂಡಾದ ಎರಡು ಮುಖ್ಯ ಸಮುದಾಯಗಳು. ಇಬ್ಬರದೂ ಒಂದೇ ಭಾಷೆ. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕದ ಮನೆ. 1900ರಲ್ಲಿ ಬಂದ ಕ್ಯಾಥೊಲಿಕ್ ಮಿಷನರಿಗಳು ಟುಟ್ಸಿಗಳು ಆಳುವುದಕ್ಕೇ ಹುಟ್ಟಿದವರು ಎಂದುಕೊಂಡರು. ಶಾಲೆಗಳು ಮಿಷನರಿಗಳ ಕೈಯಲ್ಲಿದ್ದವು, ಒಳ್ಳೆಯ ಓದು ಜಾಸ್ತಿ ಸಿಕ್ಕಿದ್ದು ಟುಟ್ಸಿ ಹುಡುಗರಿಗೆ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯಲ್ಲೇ ಜನಾಂಗವನ್ನು ಬರೆಸಿತು. 1950ರ ದಶಕದಲ್ಲಿ ಅಧಿಕಾರದ ಗಾಳಿ ಹುಟುಗಳತ್ತ ತಿರುಗಿದಾಗ ಚರ್ಚೂ ಅವರ ಕಡೆ ವಾಲಿತು. ಮುಂದೆ ರಾಜಧಾನಿ ಕಿಗಾಲಿಯ ಆರ್ಚ್‌ಬಿಷಪ್ ವರ್ಷಗಟ್ಟಲೆ ಆಳುವ ಪಕ್ಷದ ಕೇಂದ್ರ ಸಮಿತಿಯಲ್ಲೇ ಇದ್ದರು. ಅಧಿಕಾರ ಯಾರ ಕಡೆಯೋ ಚರ್ಚೂ ಆ ಕಡೆ. ನನ್ನ ಪ್ರಕಾರ ಬೇರು ಇರುವುದು ಇಲ್ಲೇ.

ನೂರು ದಿನಗಳಲ್ಲಿ 8 ಲಕ್ಷದಷ್ಟು ಜನ ಸತ್ತರು ಎನ್ನುತ್ತದೆ ವಿಶ್ವಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಟುಟ್ಸಿಗಳು, ಕೊಂದವರು ಹುಟು ಉಗ್ರವಾದಿಗಳು. ಹಿಂದಿನ ಗಲಭೆಗಳಲ್ಲಿ ಚರ್ಚಿಗೆ ಓಡಿಹೋದವರು ಬದುಕಿಕೊಂಡಿದ್ದರು. ಆ ನಂಬಿಕೆಯಿಂದಲೇ 1994ರಲ್ಲೂ ಮಕ್ಕಳನ್ನು ಎತ್ತಿಕೊಂಡು ಚರ್ಚಿಗೆ ಓಡಿದರು. ನ್ಯಾಮಾಟಾ, ಎನ್‌ಟರಾಮಾ ಚರ್ಚುಗಳಲ್ಲಿ ಸಾವಿರಾರು ಜನ ಹಾಗೆ ಸತ್ತರು. ನ್ಯಾಂಗೆಯಲ್ಲಿ ಸುಮಾರು 1,500 ಜನ ಒಳಗಿರುವಾಗಲೇ ಬುಲ್ಡೋಜರ್ ತಂದು ಚರ್ಚಿನ ಕಟ್ಟಡವನ್ನು ಕೆಡವಿದರು. ಅಲ್ಲಿನ ಪಾದ್ರಿ ಅಥನಾಸ್ ಸೆರೊಂಬಾ ಅದಕ್ಕೆ ಒಪ್ಪಿಗೆ ಕೊಟ್ಟವರು. ಆಮೇಲೆ ಇಟಲಿಗೆ ಹೋಗಿ ಬೇರೆ ಹೆಸರಿನಲ್ಲಿ ಪಾದ್ರಿಯಾಗಿಯೇ ಇದ್ದರು. 2008ರಲ್ಲಿ ಈ ನರಮೇಧದ ವಿಚಾರಣೆಗೆಂದೇ ರಚಿಸಿದ್ದ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇದನ್ನು ಮೊದಲ ಸಲ ಓದಿದ ವಾರ ನನಗೆ ಚರ್ಚಿನ ಬೆಂಚಿನಲ್ಲಿ ಕೂರಲು ಆಗಲಿಲ್ಲ.

ಎದ್ದು ನಿಂತವರೂ ಇದ್ದರು. ಗಿಸೆನ್ಯಿಯಲ್ಲಿ ಚರ್ಚಿನ ಸೇವೆಯಲ್ಲಿದ್ದ ಫೆಲಿಸಿತೆ ನಿಯಿತೆಗೆಕಾ ಹುಟು ಹೆಣ್ಣುಮಗಳು. ಸೇನೆಯಲ್ಲಿ ಅಧಿಕಾರಿಯಾಗಿದ್ದ ಸಹೋದರ 'ಅಲ್ಲಿಂದ ಬಂದುಬಿಡು' ಎಂದು ಹೇಳಿಕಳಿಸಿದರೂ, ತನ್ನನ್ನು ನಂಬಿ ಬಂದ ಟುಟ್ಸಿಗಳನ್ನು ಆಕೆ ಬಿಟ್ಟುಹೋಗಲಿಲ್ಲ. ಅವರ ಜೊತೆಯೇ ಸತ್ತರು.

ಇನ್ನು ಕ್ಷಮೆಯ ವಿಷಯ. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ತಪ್ಪು ಮಾಡಿದ ಸದಸ್ಯರು ಉತ್ತರ ಕೊಡಬೇಕು, ಆದರೆ ಅದಕ್ಕೆ ಚರ್ಚನ್ನೇ ಹೊಣೆ ಮಾಡಲಾಗದು ಎಂದರು. 2016ರಲ್ಲಿ ರುವಾಂಡಾದ ಬಿಷಪ್‌ಗಳು ಕ್ಷಮೆ ಕೇಳಿದಾಗಲೂ, ಕೆಟ್ಟದ್ದು ಮಾಡಿ ಎಂದು ಚರ್ಚು ಯಾರನ್ನೂ ಕಳಿಸಿರಲಿಲ್ಲ ಎಂಬ ಮಾತನ್ನು ಸೇರಿಸಿದರು. ಇದು ಸಾಲದು ಎಂದಿತು ಅಲ್ಲಿನ ಸರ್ಕಾರ. ನನಗೂ ಹಾಗೇ ಅನ್ನಿಸಿತು. ಪಾದ್ರಿಯ ಮುಂದೆ ಪಾಪನಿವೇದನೆಗೆ ಮಂಡಿಯೂರಿದಾಗ 'ನಮ್ಮ ಮನೆಯವರು ಯಾರೋ ತಪ್ಪು ಮಾಡಿದರು' ಎಂದು ಹೇಳಿ ಎದ್ದುಬರುವುದಿಲ್ಲ, ಅಲ್ವಾ? 2017ರಲ್ಲಿ ಪೋಪ್ ಫ್ರಾನ್ಸಿಸ್ ಚರ್ಚಿನ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. 'ಚರ್ಚಿನ' ಎಂಬ ಆ ಒಂದು ಮಾತು ಬರಲು 23 ವರ್ಷ ಬೇಕಾಯಿತು.

ಆದರೆ ನಿಜವಾದ ಕೆಲಸ ನಡೆದದ್ದು ಕೆಳಗೆ, ಹಳ್ಳಿಯ ಚರ್ಚುಗಳಲ್ಲಿ. ಫಾದರ್ ಉಬಾಲ್ಡ್ ರುಗಿರಾಂಗೋಗಾ ಅವರ ತಾಯಿ ಮತ್ತು 80ಕ್ಕೂ ಹೆಚ್ಚು ಬಂಧುಗಳು ನರಮೇಧದಲ್ಲಿ ಸತ್ತಿದ್ದರು. ಮುಶಾಕಾದ ಚರ್ಚಿನಲ್ಲಿ ಅವರು ಒಂದು ಕ್ರಮ ತಂದರು. ಕೊಂದವನು ಜೈಲಿನಿಂದ ಬಂದ ಕೂಡಲೇ ಪರಮಪ್ರಸಾದಕ್ಕೆ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೈಚಾಚುವಂತಿಲ್ಲ. ತಿಂಗಳುಗಟ್ಟಲೆ ಪಾಠಕ್ಕೆ ಬರಬೇಕು. ಆಮೇಲೆ ಯಾರ ಮನೆಯವರನ್ನು ಕೊಂದನೋ ಅವರ ಮುಂದೆ, ಎಲ್ಲರೆದುರು ಕ್ಷಮೆ ಕೇಳಬೇಕು. ನೊಂದವರಿಗೂ ಬೇರೆ ಪಾಠ ನಡೆಯುತ್ತಿತ್ತು. ಸುಮ್ನೆ 'ಕ್ಷಮಿಸಿಬಿಡಿ' ಎಂದು ಅವರ ಮೇಲೆ ಹೊರೆ ಹೊರಿಸುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸವಿದೆ.

ತನ್ನ ತಾಯಿಯ ಕೊಲೆಗೆ ಕಾರಣನಾದವನನ್ನು ಫಾದರ್ ಉಬಾಲ್ಡ್ ಜೈಲಿನಲ್ಲಿ ಭೇಟಿಯಾದರು, ಕ್ಷಮಿಸಿದರು. ಅವನ ಮಕ್ಕಳ ಶಾಲೆಯ ಫೀಸನ್ನೂ ತಾವೇ ಕಟ್ಟಿದರು.