ಬಾಂಬು ಬೀಳದ ಊರಿಗೂ ಯುದ್ಧ ಬಂದಿತ್ತು

ಎರಡನೇ ಮಹಾಯುದ್ಧದ ಕಾಲದ ಬೆಂಗಳೂರಿನ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮೈಸೂರು ಸೀಮೆಯಲ್ಲಿ ಒಂದು ಬಾಂಬೂ ಬೀಳಲಿಲ್ಲ. ಯುದ್ಧ ನಡೆದದ್ದು ಯುರೋಪಿನಲ್ಲಿ, ಬರ್ಮಾದಲ್ಲಿ. ನಮ್ಮ ಜನಕ್ಕೆ ಅದರಿಂದ ಏನಾಯ್ತು? ಸುಮ್ನೆ ದೊಡ್ಡದು ಮಾಡಿ ಬರೆದಿದ್ದೀರಿ ಅಲ್ವಾ?"

ಇಲ್ಲ, ದೊಡ್ಡದು ಮಾಡಿಲ್ಲ. ನಮ್ಮಲ್ಲಿಗೆ ಯುದ್ಧ ಬಂದದ್ದು ಅಡುಗೆಮನೆಯ ಬಾಗಿಲಿಂದ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿಯರ ಕೈಸೇರಿತು, ಬರ್ಮಾದ ಅಕ್ಕಿ ಹಡಗುಗಳು ನಿಂತವು. ದಕ್ಷಿಣದಲ್ಲಿ, ಅದರಲ್ಲೂ ಮಲಬಾರ್ ಮತ್ತು ತಿರುವಾಂಕೂರಿನಲ್ಲಿ, ಎಷ್ಟೋ ಮನೆಗಳು ಆ ಅಕ್ಕಿಯನ್ನೇ ನಂಬಿಕೊಂಡಿದ್ದವು. ಬೆಂಗಳೂರಿನಲ್ಲೂ ಅಕ್ಕಿಗೆ ಬರ ಬಂತು. ಆಗ ಇಡ್ಲಿಗೆ ಅಕ್ಕಿ ಸಾಲದೆ ರವೆ ಹಾಕಿ ನೋಡಿದ್ದೇ ರವೆ ಇಡ್ಲಿ ಆಯಿತು ಅಂತ ಎಂಟಿಆರ್‌ನವರು ಹೇಳುತ್ತಾರೆ.

ಜೇಬಿನೊಳಗೂ ಬಂತು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಜನ ಹಳೇ ರೂಪಾಯಿಗಳನ್ನು ಮುಚ್ಚಿಟ್ಟುಕೊಂಡರು, ಸರ್ಕಾರ ಒಂದು ರೂಪಾಯಿ ನೋಟು ತಂದಿತು. ಚಿಲ್ಲರೆಗಂತೂ ಪರದಾಟ. 1943ರಲ್ಲಿ ಬಂದ ತೂತಿನ ಕಾಸನ್ನು ನಿಮ್ಮ ಮನೆಯ ಹಳೇ ಡಬ್ಬಿಯಲ್ಲಿ ನೋಡಿರಬಹುದು: ಉಂಗುರದಷ್ಟು ಅಗಲ, ನಡುವೆ ದೊಡ್ಡ ತೂತು, ದಾರಕ್ಕೆ ಪೋಣಿಸುವಂಥದ್ದು. ಆ ತೂತು ಅಂದಕ್ಕೆ ಬಿಟ್ಟದ್ದಲ್ಲ, ಲೋಹ ಉಳಿಸೋದಕ್ಕೆ. ಗಡಿಯಾರವನ್ನೂ ಬಿಡಲಿಲ್ಲ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಇಡೀ ದೇಶದ ಸಮಯ ಒಂದು ಗಂಟೆ ಮುಂದಿತ್ತು.

ಕೆಲವರಿಗೆ ಇದರಿಂದ ಕೆಲಸ ಸಿಕ್ಕಿತು, ಅದನ್ನೂ ಹೇಳಬೇಕು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು. ಇವತ್ತಿನ ಎಚ್‌ಎಎಲ್ ಅದೇ.

ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಬಂಗಾಳದಲ್ಲಿ. ಜಪಾನಿಯರು ಬಂದರೆ ಅವರ ಕೈಗೆ ಸಿಗಬಾರದು ಅಂತ 1942ರಲ್ಲಿ ಬ್ರಿಟಿಷರು ಕರಾವಳಿಯ ಜಿಲ್ಲೆಗಳಲ್ಲಿ ಹತ್ತು ಜನಕ್ಕಿಂತ ಜಾಸ್ತಿ ಕೂರುವ ದೋಣಿಗಳನ್ನೆಲ್ಲ ಕಿತ್ತುಕೊಂಡರು. ರಸ್ತೆಗಿಂತ ನೀರೇ ದಾರಿಯಾಗಿದ್ದ ಸೀಮೆ ಅದು. ಮೀನುಗಾರನಿಗೆ ಕಸುಬು ಹೋಯಿತು, ಕುಂಬಾರನಿಗೆ ಮಡಕೆ ಸಾಗಿಸಲು ದಾರಿ ಇಲ್ಲ, ನದಿಯಾಚೆ ಗದ್ದೆ ಇದ್ದವನಿಗೆ ಗದ್ದೆಗೆ ಹೋಗೋದೇ ಕಷ್ಟ. ಅಕ್ಕಿ ಬೆಲೆ ಏರುತ್ತಲೇ ಹೋಯಿತು. ಯುದ್ಧದ ಕೆಲಸ ನಡೆಯುತ್ತಿದ್ದ ಕಲ್ಕತ್ತಾದ ಕಾರ್ಖಾನೆಗಳ ಕಾರ್ಮಿಕರಿಗೆ ಅಗ್ಗದ ಅಕ್ಕಿ ಸಿಗುತ್ತಿತ್ತು, ಅದನ್ನು ಬೆಳೆದ ಹಳ್ಳಿಯ ಕೂಲಿಗೆ ಸಿಗಲಿಲ್ಲ. 1943ರ ಆ ಕ್ಷಾಮದಲ್ಲಿ, ಅದರ ಬೆನ್ನಿಗೇ ಬಂದ ರೋಗಗಳಲ್ಲಿ, ಸತ್ತವರು ಸುಮಾರು 30 ಲಕ್ಷ ಅಂತ ಅಂದಾಜು. ಅವರಲ್ಲಿ ಯಾರ ಮೇಲೂ ಬಾಂಬು ಬಿದ್ದಿರಲಿಲ್ಲ.

ಅದೇ ಹೊತ್ತಿನಲ್ಲಿ ಬ್ರಿಟನ್ನಿನಲ್ಲಿ 1940ರಿಂದಲೇ ಬೆಣ್ಣೆ, ಸಕ್ಕರೆಗೆಲ್ಲ ರೇಷನ್ ಇತ್ತು. ಬಾಂಬುಗಳ ನಡುವೆಯೂ ಅಲ್ಲಿನ ಬಡವರ ತಟ್ಟೆಗೆ ಅವರ ಪಾಲು ಬಂತು. ಆಳುವವರು ಒಬ್ಬರೇ, ಯುದ್ಧವೂ ಒಂದೇ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

1945ರಲ್ಲಿ ಎಲ್ಲ ಮುಗಿಯಿತಾ ಅಂತಲೂ ನೀವು ಕೇಳಿದ್ದೀರಿ. ಮುಗಿಯಲಿಲ್ಲ. ಆಹಾರದ ಮೇಲಿನ ನಿಯಂತ್ರಣ ಸ್ವಾತಂತ್ರ್ಯ ಬಂದ ಮೇಲೂ ಇತ್ತು. 1947ರ ಡಿಸೆಂಬರ್‌ನಲ್ಲಿ ತೆಗೆಯಲು ಶುರುಮಾಡಿದರು, ಬೆಲೆ ಏರಿತು, 1948ರಲ್ಲಿ ಮತ್ತೆ ತಂದರು. ನಿಮ್ಮ ಮನೆಯ ರೇಷನ್ ಕಾರ್ಡಿನ ಬೇರು ಇರೋದು ಆ ವರ್ಷಗಳಲ್ಲೇ.