ಟೆಕ್ಸಾಸ್‌ನಲ್ಲಿ ಹಂದಿ ಬೇಟೆಗೆ .223 ತೋಟಾದ ರೈಫಲ್ ಸಾಕಾ, ದೊಡ್ಡ .308 ಬೇಕಾ?

ಹೊಸದಾಗಿ ತಗೊಳ್ಳೋದಾದರೆ .308 ವಿಂಚೆಸ್ಟರ್ ತಗೊಳ್ಳಿ, 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಧಾರಾಳ ಸಾಕು. ಸುಮ್ನೆ ಇನ್ನೂ ಜೋರಾಗಿ ಒದೆಯೋ ಮ್ಯಾಗ್ನಮ್ ಕೊಂಡು ಭುಜ ನೋಯಿಸಿಕೊಳ್ಳಬೇಡಿ.

.223ರ ತೊಂದರೆ ಇರೋದು ದೊಡ್ಡ ಗಂಡು ಹಂದಿಯಲ್ಲಿ. ಅದರ ಭುಜದ ಚರ್ಮದಡಿ ದಪ್ಪ, ಗಟ್ಟಿ ಪದರ ಇರುತ್ತದೆ, ಕೊಯ್ಯೋಕೆ ಹೋದರೆ ಹಳೇ ಟೈರಿಗೆ ಚಾಕು ಹಾಕಿದ ಹಾಗೆ; ತೆಳು ಕವಚದ 55 ಗ್ರೇನ್ ಗುಂಡು ಅಲ್ಲಿ ಬಡಿದು ಆಳಕ್ಕೆ ಇಳಿಯುವ ಮೊದಲೇ ಚೂರಾಗಬಹುದು, ಆಮೇಲೆ ಗಾಯಗೊಂಡ ಹಂದಿಯನ್ನು ಕತ್ತಲಲ್ಲಿ ಪೊದೆಯೊಳಗೆ ಹುಡುಕೋ ಕೆಲಸ ಯಾರಿಗೆ ಬೇಕು ಹೇಳಿ. ಇರೋದು .223 ಒಂದೇ ಅಂದರೆ ಪೂರ್ತಿ ತಾಮ್ರದ ಗುಂಡು ಹಾಕಿ, ಹತ್ತಿರದಿಂದಲೇ ಹೊಡೆಯಿರಿ. ಪೊದೆ ಜಾಸ್ತಿ ಇರುವ ಕಡೆ, ನೂರು ಗಜದೊಳಗೆ, 1895ರಿಂದ ಇರುವ .30-30 ತೋಟಾ ಈಗಲೂ ಚೆನ್ನಾಗಿದೆ.

ಹಂದಿಯ ಹೃದಯ ಜಿಂಕೆಗಿಂತ ಕೆಳಗೆ, ಮುಂದಕ್ಕೆ ಇರುತ್ತದೆ. ಜಿಂಕೆಗೆ ಹೊಡೆದು ಅಭ್ಯಾಸ ಆದವರು ಇಲ್ಲೇ ತಪ್ಪುತ್ತಾರೆ.

ಖಾಸಗಿ ಜಮೀನಾದರೆ 2019ರಿಂದ ಲೈಸೆನ್ಸ್ ಬೇಡ, ಮಾಲೀಕರ ಒಪ್ಪಿಗೆ ಬೇಕು. ಇದೆಲ್ಲ ಟೆಕ್ಸಾಸ್ ಮಾತು. ನಮ್ಮೂರಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಇದನ್ನ ಓದಿ ಅಲ್ಲಿ ಕೋವಿ ಎತ್ತಬೇಡಿ.